ಸಡಿಲಿಸುವ ಗುಳಿಗೆ, ಕುಗ್ಗಿಸುವ ಗುಳಿಗೆ

"ಟ್ಯಾಮ್ಸುಲೋಸಿನ್ ಚಲೋದೋ, ಡ್ಯುಟಾಸ್ಟರೈಡ್ ಚಲೋದೋ?" ಪ್ರಾಸ್ಟೇಟ್ ದೊಡ್ಡದಾಗಿದೆ ಎಂಬ ರಿಪೋರ್ಟು ಬಂದ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಇದು. ಕತ್ತಿ ಚಲೋದೋ ಗುದ್ದಲಿ ಚಲೋದೋ ಎಂದು ಕೇಳಿದ ಹಾಗೆ. ತೋಟಕ್ಕೆ ಎರಡೂ ಬೇಕಾದೀತು, ಆದರೆ ಕತ್ತಿಯಲ್ಲಿ ಅಗೆಯಲು ಹೋಗಿ ಆಮೇಲೆ ಕತ್ತಿಯನ್ನು ಬೈದರೆ ಏನು ಬಂತು?

ಪ್ರಾಸ್ಟೇಟ್ ಗ್ರಂಥಿ ಕೂತಿರುವುದು ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಐವತ್ತು ದಾಟಿದ ಮೇಲೆ ಬಹಳ ಜನರಲ್ಲಿ ಬೆಳೆಯುತ್ತದೆ. ನಾಳ ಇಕ್ಕಟ್ಟಾಗುವುದು ಎರಡು ಬಗೆಯಲ್ಲಿ. ಒಂದು, ಗ್ರಂಥಿಯೊಳಗಿನ ಮತ್ತು ಮೂತ್ರಕೋಶದ ಬಾಯಿಯ ಸ್ನಾಯು ಬಿಗಿ ಹಿಡಿಯುವುದು. ಇನ್ನೊಂದು, ಗ್ರಂಥಿ ಉಬ್ಬಿ ನಾಳವನ್ನು ಒತ್ತುವುದು. ಮೊದಲನೆಯದಕ್ಕೆ ಆಲ್ಫಾ ಬ್ಲಾಕರ್ ಗುಳಿಗೆಗಳು: ಟ್ಯಾಮ್ಸುಲೋಸಿನ್, ಆಲ್ಫುಜೋಸಿನ್, ಸಿಲೋಡೋಸಿನ್. ಇವು ಸಡಿಲಿಸುತ್ತವೆ, ಗ್ರಂಥಿಯನ್ನು ಒಂದು ಗುಲಗಂಜಿಯಷ್ಟೂ ಕುಗ್ಗಿಸುವುದಿಲ್ಲ. ಎರಡನೆಯದಕ್ಕೆ ಫಿನಾಸ್ಟರೈಡ್, ಡ್ಯುಟಾಸ್ಟರೈಡ್. ಇವು ಗ್ರಂಥಿಗೆ ಗೊಬ್ಬರದಂತಿರುವ ಹಾರ್ಮೋನು ತಯಾರಾಗದಂತೆ ತಡೆದು ನಿಧಾನಕ್ಕೆ ಕುಗ್ಗಿಸುತ್ತವೆ. ಇವೆರಡರ ಆಚೆ ಮೂತ್ರಕೋಶದ್ದೇ ಕಿರಿಕಿರಿ ಬೇರೆ ಇರುತ್ತದೆ. ಅದರ ಔಷಧಿಯೂ ಬೇರೆ.

ಹೋಲಿಕೆ ಮಾಡುವ ಮೊದಲು ಅಳತೆ ಬೇಕು. ಏಳು ಪ್ರಶ್ನೆಗಳ ಐಪಿಎಸ್‌ಎಸ್ ಎಂಬ ಪಟ್ಟಿಯಿದೆ: ಧಾರೆ ಸಣ್ಣಗಾಗುವುದು, ತಡೆತಡೆದು ಬರುವುದು, ಮುಕ್ಕಬೇಕಾಗುವುದು, ಪೂರ್ತಿ ಖಾಲಿಯಾಗಲಿಲ್ಲ ಅನ್ನಿಸುವುದು, ಪದೇಪದೇ ಹೋಗುವುದು, ತಡೆಯಲಾರದ ಅವಸರ, ರಾತ್ರಿ ಏಳುವುದು. ಪ್ರತಿಯೊಂದಕ್ಕೂ 0ಯಿಂದ 5, ಒಟ್ಟು 35. ಏಳರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ ಮೇಲೆ ತೀವ್ರ. ಏಳರೊಳಗಿದ್ದು ಬೇರೆ ತೊಂದರೆಯೂ ಇಲ್ಲದಿದ್ದರೆ ಗುಳಿಗೆಯೇ ಬೇಡ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಔಷಧಿ ಶುರು ಮಾಡುವ ದಿನದ ಅಂಕಿಯನ್ನು ಕ್ಯಾಲೆಂಡರಿನ ಹಿಂದೆಯಾದರೂ ಬರೆದಿಡಿ. ಮೂರು ತಿಂಗಳ ನಂತರ "ಸ್ವಲ್ಪ ಅಡ್ಡಿಲ್ಲ" ಎನ್ನುವುದಕ್ಕಿಂತ "18 ಇದ್ದದ್ದು 11 ಆಗಿದೆ" ಎಂದರೆ ಡಾಕ್ಟರಿಗೆ ಮುಂದಿನ ದಾರಿ ಕಾಣುತ್ತದೆ.

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ "ಗ್ರೇಡ್ 1", "ಗ್ರೇಡ್ 2" ಎಂದು ಬರೆದಿರುವುದನ್ನು ನೋಡಿ ಹೆದರುವವರೇ ಹೆಚ್ಚು. ಗ್ರೇಡಿಗೂ ತೊಂದರೆಗೂ ನೇರ ಸಂಬಂಧವಿಲ್ಲ. 30 ಗ್ರಾಂ ಗ್ರಂಥಿಯವರು ರಾತ್ರಿಯಿಡೀ ಒದ್ದಾಡಬಹುದು, 70 ಗ್ರಾಂನವರು ನೆಮ್ಮದಿಯಾಗಿ ಮಲಗಬಹುದು. ನೋಡಬೇಕಾದದ್ದು ಮೂರು ಅಳತೆಗಳನ್ನು. 4.8 × 4.2 × 4.0 ಸೆಂ.ಮೀ. ಎಂದಿದ್ದರೆ ಮೂರನ್ನೂ ಗುಣಿಸಿ, ಮತ್ತೆ 0.52ರಿಂದ ಗುಣಿಸಿ: ಸುಮಾರು 42 ಮಿ.ಲೀ. ಒಂದು ಮಿ.ಲೀ. ಅಂದರೆ ಹೆಚ್ಚುಕಡಿಮೆ ಒಂದು ಗ್ರಾಂ. ಗಾತ್ರ 30–40 ದಾಟಿದ್ದರೆ, ಅಥವಾ ರಕ್ತದ ಪಿಎಸ್‌ಎ (ಪ್ರಾಸ್ಟೇಟ್ ಬಿಡುವ ಪ್ರೊಟೀನಿನ ಮಟ್ಟ, ಕ್ಯಾನ್ಸರಿನ ಸುಳಿವಿಗೂ ಇದನ್ನೇ ನೋಡುತ್ತಾರೆ) 1.5ಕ್ಕಿಂತ ಮೇಲಿದ್ದರೆ ಕುಗ್ಗಿಸುವ ಗುಳಿಗೆಗೆ ಅಲ್ಲಿ ಕೆಲಸವಿದೆ. 25 ಮಿ.ಲೀ. ಗ್ರಂಥಿಗೆ ಡ್ಯುಟಾಸ್ಟರೈಡ್ ಕೊಟ್ಟರೆ ಅಡ್ಡಪರಿಣಾಮ ಪೂರ್ತಿ ಸಿಗುತ್ತದೆ, ಲಾಭ ಮಾತ್ರ ಕೈಗೆ ಹತ್ತುವುದಿಲ್ಲ.

ಅದೇ ರಿಪೋರ್ಟಿನಲ್ಲಿ "ಪೋಸ್ಟ್ ವಾಯ್ಡ್" ಎಂಬ ಸಾಲಿದೆ, ಅಂದರೆ ಒಂದಕ್ಕೆ ಹೋಗಿಬಂದ ಮೇಲೂ ಒಳಗೆ ಉಳಿದ ಮೂತ್ರ. ಈ ಅಂಕಿ ಸುಲಭವಾಗಿ ಮೋಸ ಮಾಡುತ್ತದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಶಿರಸಿಗೋ ಕುಮಟೆಗೋ ಬಂದವರಿಗೆ ಒಂದೂವರೆ ಲೀಟರ್ ನೀರು ಕುಡಿಸಿ ಸಾಲಿನಲ್ಲಿ ಕೂರಿಸುತ್ತಾರೆ. ಸರದಿ ಬರುವಷ್ಟರಲ್ಲಿ ಮೂತ್ರಕೋಶ ಮಿತಿ ಮೀರಿ ಹಿಗ್ಗಿರುತ್ತದೆ. ಹಾಗೆ ಹಿಗ್ಗಿದ್ದು ಒಂದೇ ಸಲಕ್ಕೆ ಸರಿಯಾಗಿ ಕುಗ್ಗುವುದಿಲ್ಲ, ಹೊರಗೆ ಬಾಗಿಲು ಬಡಿಯುವವರ ಅವಸರ ಬೇರೆ. ಆಗ 150 ಮಿ.ಲೀ. ಉಳಿದಿದೆ ಎಂದು ಬಂದರೆ ಅದು ರೋಗದ್ದಲ್ಲ, ಕಾದದ್ದರ ಫಲವೂ ಇರಬಹುದು. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಹೋಗಿಬಂದು ಅಳೆಯಿಸಿಕೊಳ್ಳಿ. ಆಗಲೂ ಅಷ್ಟೇ ಇದ್ದರೆ ಲೆಕ್ಕಕ್ಕೆ ಹಿಡಿಯಬೇಕು.

ಈಗ ಸಡಿಲಿಸುವ ಗುಳಿಗೆಗಳು. ಇವುಗಳ ದೊಡ್ಡ ಗುಣ ವೇಗ. ಎರಡು ಮೂರು ದಿನದಲ್ಲೇ ಧಾರೆ ಬಿಟ್ಟುಕೊಳ್ಳತೊಡಗುತ್ತದೆ, ನಾಲ್ಕು ವಾರದಲ್ಲಿ ಪೂರ್ತಿ ಫಲ. ಐಪಿಎಸ್‌ಎಸ್ ಅಂಕಿ ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ನಾಲ್ಕರಿಂದ ಆರು ವಾರವಾದರೂ ಏನೂ ಆಗದಿದ್ದರೆ ಅದೇ ಗುಳಿಗೆಯನ್ನು ಆರು ತಿಂಗಳು ಎಳೆಯುವುದರಲ್ಲಿ ಅರ್ಥವಿಲ್ಲ. ಮೂರರಲ್ಲಿ ಯಾವುದು ಹೆಚ್ಚು ಪರಿಣಾಮಕಾರಿ ಎಂದು ಜಗಳವಾಡುವಷ್ಟು ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಅಡ್ಡಪರಿಣಾಮದಲ್ಲಿ.

ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ., ದಿನಕ್ಕೊಂದು, ಪ್ರತಿದಿನ ಅದೇ ಊಟವಾಗಿ ಅರ್ಧ ಗಂಟೆಗೆ. ಊಟದ ನಿಯಮಕ್ಕೆ ಕಾರಣವಿದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸುಮಾರು 30% ಹೆಚ್ಚು ಔಷಧಿ ರಕ್ತಕ್ಕೆ ಸೇರುತ್ತದೆ, ಗರಿಷ್ಠ ಮಟ್ಟ 40ರಿಂದ 70% ಏರುತ್ತದೆ, ತಲೆ ತಿರುಗುತ್ತದೆ. ಆಲ್ಫುಜೋಸಿನ್ 10 ಮಿ.ಗ್ರಾಂ. ಇದಕ್ಕೆ ತದ್ವಿರುದ್ಧ. ಖಾಲಿ ಹೊಟ್ಟೆಯಲ್ಲಿ ಅರ್ಧದಷ್ಟೇ ಒಳಸೇರುತ್ತದೆ, ಗುಳಿಗೆ ದಂಡ. ಸಂಕಷ್ಟಿ ಹಿಡಿಯುವವರು ಚಂದ್ರೋದಯವಾಗಿ ಊಟ ಮುಗಿಯುವತನಕ ಕಾಯಬೇಕು. ಏಕಾದಶಿಗೆ ಫಲಾಹಾರ ಮಾಡುವವರು ಅದಾದ ಮೇಲೆ ನುಂಗಲಿ. ತಪ್ಪಿಹೋಯಿತೆಂದು ಮರುದಿನ ಎರಡು ಸೇರಿಸಿ ನುಂಗುವುದು ಮಾತ್ರ ಕೂಡದು.

ಸಿಲೋಡೋಸಿನ್ 8 ಮಿ.ಗ್ರಾಂ. ಕೂಡ ಊಟದ ಜೊತೆಗೇ. ಕಿಡ್ನಿ ಮಧ್ಯಮ ಮಟ್ಟಿಗೆ ಕುಂದಿದ್ದರೆ 4, ತೀರ ಕುಂದಿದ್ದರೆ ಬೇಡ. ಇದು ರಕ್ತದೊತ್ತಡಕ್ಕೆ ಹೆಚ್ಚು ಕೈಹಾಕುವುದಿಲ್ಲ, ವಯಸ್ಸಾದವರಿಗೆ ಅದೊಂದು ಅನುಕೂಲ. ಆದರೆ ಸಂಭೋಗದ ಕೊನೆಯಲ್ಲಿ ವೀರ್ಯ ಹೊರಬರದೇ ಹೋಗುವುದು ಇದರಲ್ಲೇ ಹೆಚ್ಚು. ಪ್ರಯೋಗಗಳಲ್ಲಿ ಸುಮಾರು 28% ಗಂಡಸರಲ್ಲಿ ಕಂಡಿದೆ. ಅಪಾಯವಿಲ್ಲ, ಬಿಟ್ಟರೆ ಕೆಲವೇ ದಿನದಲ್ಲಿ ಸರಿಹೋಗುತ್ತದೆ. ಮೊದಲೇ ಹೇಳದೇ ಕೊಟ್ಟರೆ ಮಾತ್ರ ಐವತ್ತೈದರ ಮನುಷ್ಯ ಗಾಬರಿಯಾಗಿ ಗುಳಿಗೆಯನ್ನೂ ಬಿಡುತ್ತಾನೆ, ಡಾಕ್ಟರನ್ನೂ ಬಿಡುತ್ತಾನೆ. ಟ್ಯಾಮ್ಸುಲೋಸಿನ್‌ನಲ್ಲಿ ಇದು ಕಡಿಮೆ, ಆಲ್ಫುಜೋಸಿನ್‌ನಲ್ಲಿ ಇನ್ನೂ ಕಡಿಮೆ.

ಹಳೆಯ ಗುಳಿಗೆಗಳಾದ ಡಾಕ್ಸಜೋಸಿನ್, ಟೆರಜೋಸಿನ್, ಪ್ರಜೋಸಿನ್ ಬಿಪಿಯನ್ನೂ ಇಳಿಸುತ್ತವೆ. "ಬಿಪಿಗೂ ಆಯ್ತು, ಮೂತ್ರಕ್ಕೂ ಆಯ್ತು" ಎಂಬ ಲೆಕ್ಕ ಕೇಳಲು ಚಂದ. 2000ರಲ್ಲಿ ಅಮೆರಿಕದ ಆಲ್‌ಹ್ಯಾಟ್ ಎಂಬ ದೊಡ್ಡ ಬಿಪಿ ಪ್ರಯೋಗದಲ್ಲಿ ಡಾಕ್ಸಜೋಸಿನ್ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು, ಹೃದಯ ಸೋಲುವ ಪ್ರಕರಣಗಳು ಅದರಲ್ಲಿ ಹೆಚ್ಚು ಕಂಡವೆಂದು. ಬಿಪಿಗೆ ಬಿಪಿಯದೇ ಗುಳಿಗೆ ಇರಲಿ. ಇದಕ್ಕಿಂತ ಹೆಚ್ಚಾಗಿ ಕಾಣುವ ಎಡವಟ್ಟು ಇನ್ನೊಂದಿದೆ. ಬಿಪಿಗೆಂದು ಒಬ್ಬ ಡಾಕ್ಟರು ಪ್ರಜೋಸಿನ್ ಬರೆದಿರುತ್ತಾರೆ, ಮೂತ್ರಕ್ಕೆಂದು ಇನ್ನೊಬ್ಬರು ಟ್ಯಾಮ್ಸುಲೋಸಿನ್ ಬರೆಯುತ್ತಾರೆ. ಎರಡೂ ಒಂದೇ ಜಾತಿ. ಚೀಟಿಗಳು ಬೇರೆ ಬೇರೆ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವವರೆಗೆ.

ಈ ಕಣ್ಣು ಕತ್ತಲೆ ಬರುವ ಸಂಗತಿಯನ್ನು ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು. ಸಂಜೆ ತೋಟದಿಂದ ಬಂದು ಬಚ್ಚಲ ಹಂಡೆಯ ಕುದಿನೀರು ಹದ ಮಾಡಿ ಮೀಯುವ ರೂಢಿ ಇದೆ. ಬಿಸಿನೀರು ರಕ್ತನಾಳಗಳನ್ನು ತಾನೇ ಸಡಿಲಿಸುತ್ತದೆ, ಗುಳಿಗೆಯದು ಮೇಲಿಂದ ಸೇರುತ್ತದೆ. ಸ್ನಾನ ಮೊದಲು, ಊಟ ಆಮೇಲೆ, ಗುಳಿಗೆ ಕೊನೆಗೆ, ಆಮೇಲೆ ಹಾಸಿಗೆ: ಈ ಕ್ರಮ ಒಳ್ಳೆಯದು. ಸಂಡಾಸು ಅಂಗಳದಾಚೆ ಇರುವ ಮನೆಯಲ್ಲಿ, ಆಷಾಢದ ಮಳೆಯಲ್ಲಿ, ಪಾಚಿಗಟ್ಟಿದ ಚಿರೇಕಲ್ಲಿನ ಮೆಟ್ಟಿಲ ಮೇಲೆ ಅಪರಾತ್ರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಪ್ರಾಸ್ಟೇಟ್ ಯಾರಿಗೂ ನೆನಪಿರುವುದಿಲ್ಲ. ಗುಳಿಗೆ ಶುರುವಾದ ಮೊದಲ ಎರಡು ವಾರ ಹಾಸಿಗೆಯ ಪಕ್ಕದಲ್ಲೇ ಮೂತ್ರದ ಪಾತ್ರೆ ಇಟ್ಟುಕೊಳ್ಳಿ. ಏಳುವಾಗ ಒಂದು ನಿಮಿಷ ಕಾಲು ಇಳಿಬಿಟ್ಟು ಕೂತು ಆಮೇಲೆ ನಿಲ್ಲಿ. ಕೊನೆ ಕೊಯ್ಯಲು ಅಡಿಕೆ ಮರ ಹತ್ತುವವರು, ಬೋಟಿನ ಅಂಚಿನಲ್ಲಿ ನಿಂತು ಬಲೆ ಎಳೆಯುವವರು ಮೈಗೆ ಒಗ್ಗುವವರೆಗೆ ಆ ಕೆಲಸ ಬಿಡಬೇಕು.

ಮಳೆಗಾಲದ್ದೇ ಇನ್ನೊಂದು ಮಾತು. ಕರಾವಳಿಯ ಥಂಡಿಗೆ ತೊಡೆಸಂದಿಯಲ್ಲಿ ಹುಳುಕಡ್ಡಿ, ಗಜಕರ್ಣ ಎಲ್ಲರಿಗೂ ಏಳುವಂಥದ್ದೇ. ಚರ್ಮದ ಡಾಕ್ಟರು ಇಟ್ರಾಕೊನಜೋಲ್ ಕ್ಯಾಪ್ಸೂಲು ಬರೆಯುತ್ತಾರೆ. ಈ ಔಷಧಿ ಆಲ್ಫುಜೋಸಿನ್, ಸಿಲೋಡೋಸಿನ್, ಟ್ಯಾಮ್ಸುಲೋಸಿನ್ ಮೂರನ್ನೂ ಕರಗಿಸುವ ಲಿವರಿನ ದಾರಿಯನ್ನು ಕಟ್ಟಿಬಿಡುತ್ತದೆ. ರಕ್ತದಲ್ಲಿ ಅವುಗಳ ಮಟ್ಟ ಏರಿ ಬಿಪಿ ಕುಸಿಯಬಹುದು. ಕ್ಲಾರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ಕೂ ಹಾಗೆಯೇ. ಮೈ ತುರಿಕೆಗೆ ಹೋದಾಗ ಮೂತ್ರದ ಗುಳಿಗೆಯ ಸುದ್ದಿ ತೆಗೆಯಲು ಯಾರಿಗೂ ಹೊಳೆಯುವುದಿಲ್ಲ, ಅದಕ್ಕೇ ಇಲ್ಲಿ ಬರೆದದ್ದು.

ಕುಗ್ಗಿಸುವ ಗುಳಿಗೆಗಳ ಗತಿ ಬೇರೆ. ಫಿನಾಸ್ಟರೈಡ್ 5 ಮಿ.ಗ್ರಾಂ., ಡ್ಯುಟಾಸ್ಟರೈಡ್ 0.5 ಮಿ.ಗ್ರಾಂ. ಊಟಕ್ಕೂ ಇವಕ್ಕೂ ಸಂಬಂಧವಿಲ್ಲ. ಮೂರು ತಿಂಗಳವರೆಗೆ ಏನೂ ಗೊತ್ತಾಗುವುದಿಲ್ಲ, ಆರು ತಿಂಗಳಿಗೆ ಮೊದಲು ತೀರ್ಪು ಕೊಡಬಾರದು. ಗ್ರಂಥಿ ಸುಮಾರು ಕಾಲುಭಾಗ ಕುಗ್ಗುತ್ತದೆ. ಎರಡರ ನಡುವೆ ಫಲದಲ್ಲಿ ಹೆಚ್ಚಿನ ಅಂತರವಿಲ್ಲ. ಡ್ಯುಟಾಸ್ಟರೈಡ್ ದೇಹದಿಂದ ಹೊರಹೋಗಲು ತಿಂಗಳುಗಟ್ಟಲೆ ಬೇಕು, ಅರ್ಧದಷ್ಟು ಇಳಿಯಲಿಕ್ಕೇ ಐದು ವಾರ. ಹಾಗಾಗಿ ಅದನ್ನು ನಿಲ್ಲಿಸಿ ಆರು ತಿಂಗಳಾಗುವವರೆಗೆ ರಕ್ತದಾನ ಮಾಡಬಾರದು. ಆ ರಕ್ತ ಬಸುರಿಗೆ ಹೋದರೆ ಗಂಡು ಶಿಶುವಿನ ಅಂಗ ಬೆಳವಣಿಗೆಗೆ ತೊಂದರೆ. ಇದೇ ಕಾರಣಕ್ಕೆ ಒಡೆದ ಕ್ಯಾಪ್ಸೂಲು, ಪುಡಿಯಾದ ಗುಳಿಗೆಯನ್ನು ಮನೆಯ ಬಸುರಿ ಹೆಣ್ಣುಮಕ್ಕಳು ಮುಟ್ಟಬಾರದು. ಅಜ್ಜನ ಗುಳಿಗೆ ಡಬ್ಬಿ ತುಂಬಿಸಿಕೊಡುವುದು ಸೊಸೆಯೋ ಮೊಮ್ಮಗಳೋ ಆಗಿರುವ ಮನೆ ನಮ್ಮಲ್ಲಿ ಬಹಳ.

ಅಡ್ಡಪರಿಣಾಮ: ಕಾಮಾಸಕ್ತಿ ಇಳಿಯುವುದು, ನಿಮಿರುವಿಕೆ ಕುಂದುವುದು, ಕೆಲವರಿಗೆ ಎದೆ ಊದಿ ನೋಯುವುದು. ನೂರರಲ್ಲಿ ಕೆಲವರಿಗೆ ಮಾತ್ರ, ಆದರೆ ಆ ಕೆಲವರಿಗೆ ಅದು ದೊಡ್ಡದೇ.

ಪಿಎಸ್‌ಎ ವಿಷಯದಲ್ಲಿ ಎಡವುವವರು ಬಹಳ. ಈ ಗುಳಿಗೆಗಳು ಆರು ತಿಂಗಳಿಂದ ಒಂದು ವರ್ಷದೊಳಗೆ ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತವೆ. ಎರಡು ವರ್ಷದಿಂದ ಡ್ಯುಟಾಸ್ಟರೈಡ್ ತಿನ್ನುವವರಿಗೆ ಲ್ಯಾಬಿನಲ್ಲಿ 3.2 ಬಂದರೆ ಕಾಗದದ ಮೇಲೆ ಅದು "ನಾರ್ಮಲ್", 4ರೊಳಗೇ ಇದೆ. ನಿಜಕ್ಕೆ ಅದನ್ನು 6.4 ಎಂದು ಓದಬೇಕು. ಕೆಳಗಿಳಿದಿದ್ದ ಅಂಕಿ ಮತ್ತೆ ಏರತೊಡಗಿದರಂತೂ, ಎಷ್ಟೇ ಚಿಕ್ಕ ಅಂಕಿಯಾದರೂ, ಮೂತ್ರರೋಗ ತಜ್ಞರಿಗೆ ತೋರಿಸಬೇಕು. ಹಾಗಾಗಿ ಗುಳಿಗೆ ಶುರುವಾಗುವ ಮೊದಲಿನ ಪಿಎಸ್‌ಎ ಬೇಕೇ ಬೇಕು. ಉರಿಮೂತ್ರದ ಸೋಂಕು ಇದ್ದಾಗ, ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿ ತೆಗೆದ ಹೊಸತರಲ್ಲಿ ಅಳೆಯಿಸಿದರೆ ಸುಳ್ಳು ಏರಿಕೆ ತೋರಿಸುತ್ತದೆ, ಸುಮಾರು ಆರು ವಾರ ಬಿಟ್ಟು ಮಾಡಿಸಿ. ಕೂದಲು ಉದುರುತ್ತದೆಂದು ಫಿನಾಸ್ಟರೈಡ್ 1 ಮಿ.ಗ್ರಾಂ. ತಿನ್ನುವವರಿಗೂ ಇದೇ ಲೆಕ್ಕ. ತಲೆಗೆ ತಿಂದ ಗುಳಿಗೆ ತಲೆಯಲ್ಲೇ ಉಳಿಯುವುದಿಲ್ಲ.

ಎರಡನ್ನೂ ಸೇರಿಸಿದರೆ? ಇದಕ್ಕೆ ಉತ್ತರ ಚೆನ್ನಾಗಿಯೇ ಇದೆ. 2003ರಲ್ಲಿ ಪ್ರಕಟವಾದ ಎಂಟಾಪ್ಸ್ ಪ್ರಯೋಗದಲ್ಲಿ 3,047 ಗಂಡಸರನ್ನು ಸರಾಸರಿ ನಾಲ್ಕೂವರೆ ವರ್ಷ ಹಿಂಬಾಲಿಸಿದರು. ತೊಂದರೆ ಮುಂದುವರಿಯುವ ಸಂಭವವು ಔಷಧಿಯೇ ಇಲ್ಲದ ಖಾಲಿ ಗುಳಿಗೆಗೆ ಹೋಲಿಸಿದರೆ ಡಾಕ್ಸಜೋಸಿನ್ ಒಂದರಲ್ಲೇ 39%, ಫಿನಾಸ್ಟರೈಡ್ ಒಂದರಲ್ಲೇ 34%, ಎರಡೂ ಸೇರಿದಾಗ 66% ಇಳಿಯಿತು. ಮೂತ್ರ ಕಟ್ಟುವುದನ್ನು, ಆಪರೇಷನ್ನಿನವರೆಗೆ ಹೋಗುವುದನ್ನು ದೀರ್ಘಕಾಲ ತಪ್ಪಿಸಿದ್ದು ಕುಗ್ಗಿಸುವ ಗುಳಿಗೆ ಮಾತ್ರ. ಸಡಿಲಿಸುವುದು ಒಂದೇ ಇದ್ದಾಗ ಅದು ಮುಂದೆ ಹೋಯಿತು, ತಪ್ಪಲಿಲ್ಲ. ಶೇಕಡಾವಾರು ಕೇಳಿ ಹಿಗ್ಗುವ ಮೊದಲು ತಲೆ ಲೆಕ್ಕವನ್ನೂ ನೋಡಿ. ಪ್ಲೆಸ್ ಎಂಬ ಇನ್ನೊಂದು ಪ್ರಯೋಗದಲ್ಲಿ ನಾಲ್ಕು ವರ್ಷದಲ್ಲಿ ಖಾಲಿ ಗುಳಿಗೆಯ ನೂರು ಜನರಲ್ಲಿ 7 ಮಂದಿಗೆ ಮೂತ್ರ ಕಟ್ಟಿತು, ಫಿನಾಸ್ಟರೈಡ್ ತಿಂದವರಲ್ಲಿ 3 ಮಂದಿಗೆ. ಆಪರೇಷನ್ 10 ಇದ್ದದ್ದು 5 ಆಯಿತು. ನಾಲ್ಕು ವರ್ಷ ದಿನಾ ಗುಳಿಗೆ ತಿನ್ನಲು ಇಷ್ಟು ಲಾಭ ಸಾಕೋ ಸಾಲದೋ ಎಂಬುದು ಗ್ರಂಥಿ ಎಷ್ಟು ದೊಡ್ಡದಿದೆ ಎಂಬುದರ ಮೇಲೆ ನಿಂತಿದೆ. ದೊಡ್ಡದಿದ್ದರೆ ಖಂಡಿತ ಸಾಕು ಎಂದು ನನ್ನ ಅಭಿಪ್ರಾಯ.

ಜೋಡಿ ಗುಳಿಗೆಯಲ್ಲಿ ಆಗುವ ತಪ್ಪಿಗೆ ಒಂದು ಮಾದರಿಯಿದೆ. ಮೊದಲ ವಾರದಲ್ಲೇ ಧಾರೆ ಸುಧಾರಿಸುತ್ತದೆ. ಅದು ಟ್ಯಾಮ್ಸುಲೋಸಿನ್ ಕೆಲಸ. ಸ್ಟ್ರಿಪ್ಪು ಮುಗಿದಾಗ ಅಂಗಡಿಯಲ್ಲಿ ಹೆಸರಿನ ಬಾಲದ "ಡಿ" ಅಕ್ಷರ, ಅಂದರೆ ಡ್ಯುಟಾಸ್ಟರೈಡ್ ಸೇರಿದೆ ಎಂಬ ಗುರುತು, ಬಿಟ್ಟು ಕೇಳುತ್ತಾರೆ, ಅಥವಾ "ಡಿ ಇಲ್ಲದ್ದು ಅಗ್ಗ" ಎಂದು ಅದನ್ನೇ ಒಯ್ಯುತ್ತಾರೆ. ಮನೆಯಲ್ಲಿ ವ್ಯತ್ಯಾಸವೇನೂ ಗೊತ್ತಾಗುವುದಿಲ್ಲ. ಕುಗ್ಗತೊಡಗಿದ್ದ ಗ್ರಂಥಿ ಕೆಲವೇ ತಿಂಗಳಲ್ಲಿ ಮತ್ತೆ ಮೊದಲಿನಷ್ಟಾಗುತ್ತದೆ. ಬಿಡುವುದಿದ್ದರೆ ಬಿಡಬೇಕಾದದ್ದು ಅದಲ್ಲ. ಆರರಿಂದ ಒಂಬತ್ತು ತಿಂಗಳು ಜೋಡಿ ತಿಂದ ಮೇಲೆ ಡಾಕ್ಟರ ಸಲಹೆಯಿಂದ ಸಡಿಲಿಸುವುದನ್ನು ನಿಲ್ಲಿಸಿ ನೋಡಬಹುದು. ಮೊದಲು ಲಕ್ಷಣ ತೀವ್ರವಿದ್ದವರಲ್ಲಿ ಅದು ಮರುಕಳಿಸುವ ಸಂಭವ ಹೆಚ್ಚು, ಅಷ್ಟೇ. ಖರ್ಚಿನ ಚಿಂತೆಯಿದ್ದರೆ ಜನೌಷಧಿ ಅಂಗಡಿಯಲ್ಲಿ ಇದೇ ಔಷಧಿ ಕೇಳಿ, ಬ್ರ್ಯಾಂಡಿನ ಹೆಸರಲ್ಲ, ಒಳಗಿನ ಔಷಧಿಯ ಹೆಸರೂ ಮಿ.ಗ್ರಾಂ. ಅಂಕಿಯೂ ಹೊಂದಬೇಕು.

ಕ್ಯಾಪ್ಸೂಲು ದಪ್ಪ, ನುಂಗಲಾಗುವುದಿಲ್ಲ ಎಂದು ಬಿಚ್ಚಿ ಬಾಳೆಹಣ್ಣಿನಲ್ಲಿ ಸೇರಿಸುವವರಿದ್ದಾರೆ. ಒಳಗೆ ಸಾಸಿವೆಯಂಥ ಕಾಳುಗಳಿರುತ್ತವೆ, ಟ್ಯಾಮ್ಸುಲೋಸಿನ್ ನಿಧಾನಕ್ಕೆ ಬಿಡುಗಡೆಯಾಗಲಿ ಎಂದು ಲೇಪ ಕೊಟ್ಟದ್ದು. ಅಗಿದರೆ ಲೇಪ ಹರಿದು ಇಡೀ ದಿನದ ಔಷಧಿ ಒಮ್ಮೆಗೇ ಹೊಟ್ಟೆಗಿಳಿಯುತ್ತದೆ. ಡ್ಯುಟಾಸ್ಟರೈಡಿನ ಎಣ್ಣೆ ಬಾಯಿ ಗಂಟಲಿಗೆ ತಾಗಿದರೆ ಉರಿ. ನುಂಗಲಾಗದಿದ್ದರೆ ಸಣ್ಣ ಗುಳಿಗೆಯ ರೂಪದ್ದನ್ನು ಬರೆಸಿಕೊಳ್ಳಿ.

ಟಡಾಲಫಿಲ್ 5 ಮಿ.ಗ್ರಾಂ. ದಿನಾ ಒಂದು, ನಿಮಿರುವಿಕೆಯ ತೊಂದರೆಯೂ ಜೊತೆಗಿದ್ದವರಿಗೆ ಹೊಂದುತ್ತದೆ. ಲಕ್ಷಣ ಸ್ವಲ್ಪ ಇಳಿಯುತ್ತದೆ, ಧಾರೆಯ ವೇಗ ಅಷ್ಟೇನೂ ಏರುವುದಿಲ್ಲ. ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೇಟ್ ಗುಳಿಗೆ ಇರುವವರಿಗೆ ಇದು ಸುತರಾಂ ಬೇಡ, ಬಿಪಿ ಪಾತಾಳಕ್ಕಿಳಿಯುತ್ತದೆ. ಅವಸರ ತಡೆಯಲಾಗದವರಿಗೆ ಸೋಲಿಫೆನಾಸಿನ್ 5 ಮಿ.ಗ್ರಾಂ., ಟಾಲ್ಟೆರೊಡಿನ್ ಇವೆ. ಇವು ಮೂತ್ರಕೋಶದ ಹಿಂಡುವಿಕೆಯನ್ನು ತಗ್ಗಿಸುವುದರಿಂದ 150 ಮಿ.ಲೀ.ಗಿಂತ ಹೆಚ್ಚು ಉಳಿಯುವವರಿಗೆ ಕೊಡುವುದಿಲ್ಲ. ಬಾಯಿ ಒಣಗುವುದು, ಮಲಬದ್ಧತೆ ಸಾಮಾನ್ಯ, ಎಂಬತ್ತರ ಅಜ್ಜನಿಗೆ ಮರೆವು ಗಲಿಬಿಲಿ ಹೆಚ್ಚಬಹುದು. ಅಂಥವರಿಗೆ ಮಿರಾಬೆಗ್ರಾನ್ ವಾಸಿ, ಬಿಪಿ ಹತೋಟಿಯಲ್ಲಿದ್ದರೆ. ಸಾ ಪಾಮೆಟ್ಟೊ ಎಂಬ ವಿದೇಶಿ ಗಿಡದ ಕ್ಯಾಪ್ಸೂಲನ್ನು ಆನ್‌ಲೈನಿನಲ್ಲಿ ತರಿಸುವವರು ತಿಳಿದಿರಲಿ: 2006 ಮತ್ತು 2011ರ ಎರಡು ಒಳ್ಳೆಯ ಪ್ರಯೋಗಗಳಲ್ಲಿ, ಎರಡನೆಯದರಲ್ಲಿ ಡೋಸು ಮೂರುಪಟ್ಟು ಏರಿಸಿದರೂ, ಖಾಲಿ ಗುಳಿಗೆಗಿಂತ ಮೇಲಾಗಲಿಲ್ಲ. ನೆಗ್ಗಿಲ ಕಷಾಯ ಕುಡಿಯುವವರು ಕುಡಿಯಲಿ, ಆದರೆ ಮಲಗುವ ಹೊತ್ತಿಗೆ ದೊಡ್ಡ ಲೋಟದಲ್ಲಿ ಬೇಡ.

ಇದು ರಾತ್ರಿಯ ವಿಷಯಕ್ಕೆ ತಂದಿತು. ರಾತ್ರಿ ನಾಲ್ಕು ಸಲ ಏಳುವವರೆಲ್ಲ ಪ್ರಾಸ್ಟೇಟಿನವರಲ್ಲ. ಅಳತೆ ಗೆರೆಯಿರುವ ಪ್ಲಾಸ್ಟಿಕ್ ಮಗ್ಗು ಇಟ್ಟುಕೊಂಡು ಮೂರು ದಿನ ಹೊತ್ತು, ಪ್ರಮಾಣ ಬರೆಯಿರಿ. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರ ರಾತ್ರಿಯ ಲೆಕ್ಕಕ್ಕೇ ಸೇರಬೇಕು. ದಿನದ ಒಟ್ಟು 1,800 ಮಿ.ಲೀ., ಅದರಲ್ಲಿ ರಾತ್ರಿಯದೇ 800 ಎಂದಾದರೆ 44% ಆಯಿತು. ವಯಸ್ಸಾದವರಲ್ಲಿ ಮೂರನೇ ಒಂದು ಭಾಗ ಮೀರಿತೆಂದರೆ ಕಿಡ್ನಿ ರಾತ್ರಿ ಹೆಚ್ಚು ಮೂತ್ರ ಮಾಡುತ್ತಿದೆ ಎಂದರ್ಥ, ಪ್ರಾಸ್ಟೇಟ್ ಗುಳಿಗೆ ಅದನ್ನು ನಿಲ್ಲಿಸದು. ಕಾರಣ ಹುಡುಕಿ. ರಾತ್ರಿ ಗಂಜಿಯ ತೆಳಿ, ಮೇಲೊಂದು ಲೋಟ ಮಜ್ಜಿಗೆ, ಮಲಗುವಾಗ ಕಷಾಯ ಸೇರಿದರೆ ಮುಕ್ಕಾಲು ಲೀಟರ್ ದಾಟುತ್ತದೆ. ಬಿಪಿಯ ಆಮ್ಲೋಡಿಪಿನ್‌ನಿಂದ ಪಾದ ಬಾತಿದ್ದರೆ, ಹಗಲಿಡೀ ಕಾಲಿಗಿಳಿದ ನೀರು ಮಲಗಿದ ಮೇಲೆ ಮೂತ್ರವಾಗಿ ಇಳಿಯುತ್ತದೆ. ಮಧ್ಯಾಹ್ನ ಒಂದು ತಾಸು ಕಾಲು ಎತ್ತರಕ್ಕಿಟ್ಟು ಮಲಗಿ, ಗುಳಿಗೆ ಬದಲಿಸಬಹುದೇ ಎಂದು ಕೇಳಿ. ಸಕ್ಕರೆ ಕಾಯಿಲೆಯ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗೆಗಳು ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುವುದರಿಂದ ಮೂತ್ರ ಹೆಚ್ಚುವುದು ಸಹಜ.

ಕಣ್ಣಿನ ಪೊರೆ ತೆಗೆಸುವ ಯೋಚನೆಯಿದ್ದರೆ, ಸಡಿಲಿಸುವ ಗುಳಿಗೆ ಶುರು ಮಾಡುವ ಮೊದಲೇ ಇಬ್ಬರು ಡಾಕ್ಟರಿಗೂ ಹೇಳಿ. ಟ್ಯಾಮ್ಸುಲೋಸಿನ್ ಕಣ್ಣಿನ ಪಾಪೆಯ ಸುತ್ತಲಿನ ಪರದೆಯನ್ನೂ ಸಡಿಲಿಸುತ್ತದೆ, ಆಪರೇಷನ್ ನಡುವೆ ಅದು ಒದ್ದೆ ಬಟ್ಟೆಯಂತೆ ಅಲುಗಾಡುತ್ತದೆ. 2005ರಲ್ಲಿ ಇದನ್ನು ಮೊದಲು ಗುರುತಿಸಿದರು. ಹಿಂದಿನ ದಿನ ಗುಳಿಗೆ ಬಿಟ್ಟರೆ ತಪ್ಪುವುದಿಲ್ಲ, ಮೊದಲೇ ಗೊತ್ತಿದ್ದರೆ ಕಣ್ಣಿನ ಡಾಕ್ಟರು ತಯಾರಿ ಮಾಡಿಕೊಳ್ಳುತ್ತಾರೆ.

ಮೂತ್ರದಲ್ಲಿ ರಕ್ತ, ಜ್ವರ ಚಳಿ, ಹೊಸದಾಗಿ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುವುದು, ಕಿಡ್ನಿ ಊದಿದೆ ಎಂಬ ರಿಪೋರ್ಟು: ಇವಿದ್ದಲ್ಲಿ ಗುಳಿಗೆ ಹೋಲಿಸುತ್ತ ಕೂರುವ ಹೊತ್ತಲ್ಲ. ಪೂರ್ತಿ ಕಟ್ಟಿಬಿಟ್ಟರಂತೂ ತುರ್ತು. ಎಷ್ಟೋ ಸಲ ಇದಕ್ಕೆ ನೆವ ನೆಗಡಿಯ ಗುಳಿಗೆ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ಎಂದು ಸ್ಟ್ರಿಪ್ಪಿನ ಹಿಂದೆ ಇದ್ದರೆ ಪ್ರಾಸ್ಟೇಟಿನವರು ಮುಟ್ಟಬಾರದು. ಜಾಸ್ತಿ ಕುಡಿದ ರಾತ್ರಿ, ಕಾರವಾರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ತಡೆದುಕೊಂಡು ಕೂತ ರಾತ್ರಿಯೂ ಹೀಗೇ. ಹೊಟ್ಟೆಯ ಕೆಳಗೆ ಕಲ್ಲಿನಂತೆ ಗಟ್ಟಿ, ಜೀವ ಹೋಗುವಷ್ಟು ನೋವು, ಹನಿ ಬರದು. ಆಗ ಬಾರ್ಲಿ ನೀರು, ಎಳನೀರು ಕುಡಿಸುವವರು ಒಳ್ಳೆಯ ಮನಸ್ಸಿನಿಂದಲೇ ಕುಡಿಸುತ್ತಾರೆ. ಮುಚ್ಚಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತೆ ಅದು. ಹುಬ್ಬಳ್ಳಿ, ಮಣಿಪಾಲ ಎಂದು ಕಾರು ತಿರುಗಿಸುವುದೂ ಬೇಡ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಕ್ಯಾತಿಟರ್ ಹಾಕಿಸಿ, ಹತ್ತು ನಿಮಿಷದಲ್ಲಿ ಹೋದ ಜೀವ ಬಂದಂತಾಗುತ್ತದೆ, ತಜ್ಞರ ಹತ್ತಿರ ಆಮೇಲೆ ಹೋಗಬಹುದು. ಎಷ್ಟು ಮಿ.ಲೀ. ಬಂತೆಂದು ಬರೆಸಿಕೊಳ್ಳಿ. ಅವತ್ತೇ ಸಡಿಲಿಸುವ ಗುಳಿಗೆ ಶುರುವಾಗಿ, ಎರಡು ಮೂರು ದಿನ ಬಿಟ್ಟು ಕ್ಯಾತಿಟರ್ ತೆಗೆದು ನೋಡುತ್ತಾರೆ. ತೆಗೆಯುವುದು ಬೆಳಿಗ್ಗೆಯೇ ಆಗಲಿ ಎಂದು ಕೇಳಿಕೊಳ್ಳಿ. ಮೂತ್ರ ತಾನಾಗಿ ಹೋಗುತ್ತದೋ ಇಲ್ಲವೋ ಎಂಬುದು ಊರಿನ ಕೊನೆಯ ಬಸ್ಸು ಹೊರಡುವ ಮೊದಲೇ ಗೊತ್ತಾಗುತ್ತದೆ.